ಊರಿಗೂ ಒಂದು ಅಪ್‌ಡೇಟ್

ಅಪ್ಪನ ಕೆರೆಯ ಸುತ್ತಾಟ ಮುಗಿದು, ಸುಸಲಾ ಮತ್ತು ಮಿರ್ಚಿ ಬಜ್ಜಿ ಎದುರಿಗೆ ಬಂದರೂ ಮಾಸ್ತರರು ಮೊಬೈಲಿನಿಂದ ತಲೆ ಎತ್ತಲಿಲ್ಲ.

“ನಿನ್ನೆಯವರೆಗೆ ಪಿಂಚಣಿ ಜಮೆಯಾದದ್ದನ್ನು ತೋರಿಸುವ ಬಟನ್ ಮೇಲೆ ಬಲಗಡೆ ಇತ್ತು. ಈಗ ಅದೇ ಜಾಗ ‘ಸಾಲ ಬೇಕೆ?’ ಎಂದು ನನ್ನನ್ನೇ ಕೇಳುತ್ತಿದೆ.”

“ಅಪ್‌ಡೇಟ್ ಆಗಿದೆ, ಮಾಸ್ತರರೇ. ಬದಲಾವಣೆಗೆ ಹೊಂದಿಕೊಳ್ಳಬೇಕು. ಗುಲ್ಬರ್ಗಾ ಕಲಬುರಗಿಯಾಗಲಿಲ್ಲವೆ?” ಎಂದ ಅಡತಿ ಶರಣಪ್ಪ.

“ಆಯಿತು, 2014ರ ನವೆಂಬರ್ 1ರಂದು, ಪತ್ರಿಕೆಗಳಲ್ಲಿ ಮೊದಲೇ ತಿಳಿಸಿ ಆಯಿತು. ಮರುದಿನ ಸೂಪರ್ ಮಾರ್ಕೆಟ್ ಇದ್ದಲ್ಲಿಯೇ ಇತ್ತು. ಈ ಆ್ಯಪಿನವರ ಕೈಗೆ ಊರು ಸಿಕ್ಕಿದ್ದರೆ, ನಾವು ಏಳುವುದರೊಳಗೆ ಸ್ಟೇಷನ್ನನ್ನು ಶರಣಬಸವೇಶ್ವರ ಗುಡಿಯ ಹಿಂದಕ್ಕೆ ಸರಿಸಿ, ಕೋಟೆಯನ್ನು ಮೂರು ಗೆರೆಗಳ ಮೆನುವಿನ ಕೆಳಗೆ ಬಚ್ಚಿಟ್ಟು, ‘ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ’ ಎಂದು ಒಂದು ಚೀಟಿ ಅಂಟಿಸಿ ಹೋಗುತ್ತಿದ್ದರು.”

ಮೊಬೈಲ್ ಅಂಗಡಿಯ ಖಾದರ್ ಸಾಹೇಬರು ತಮ್ಮ ಫೋನ್ ತೆರೆದು ತೋರಿಸಿದರು. ಅದೇ ಆ್ಯಪಿನಲ್ಲಿ ಅವರ ಬಟನ್ ಹಳೆಯ ಜಾಗದಲ್ಲಿಯೇ ಇತ್ತು.

“ಎಲ್ಲರಿಗೂ ಒಮ್ಮೆಲೇ ಕಳಿಸುವುದಿಲ್ಲ. ಮೊದಲು ಕೆಲವರಿಗೆ ಕೊಟ್ಟು, ಏನಾದರೂ ಕೆಡುತ್ತದೆಯೇ ಎಂದು ನೋಡಿ, ಆಮೇಲೆ ಉಳಿದವರಿಗೆ ಬಿಡುತ್ತಾರೆ. ಕೆಲವನ್ನಂತೂ ಅವರ ಸರ್ವರಿನಲ್ಲಿಯೇ ಬದಲಿಸುತ್ತಾರೆ. ನೀವು ಅಪ್‌ಡೇಟ್ ಮಾಡದಿದ್ದರೂ ಪರದೆ ಬೇರೆಯಾಗುತ್ತದೆ.”

“ಹಾಗಾದರೆ ಸಾಹೇಬರೇ, ನಿಮ್ಮ ಸ್ಟೇಷನ್ ಒಂದು ಕಡೆ, ನನ್ನದು ಇನ್ನೊಂದು ಕಡೆ. ಪರ ಊರಿನವರು ದಾರಿ ಕೇಳಿದರೆ ಇಬ್ಬರೂ ಹೊಡೆದಾಡೋಣ.”

“ಪ್ಲೇ ಸ್ಟೋರಿನಲ್ಲಿ ತಾನಾಗಿಯೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿಬಿಡಿ,” ಎಂದ ಶರಣಪ್ಪ.

“ಹಣದ ಆ್ಯಪಿಗೆ ಬೇಡ,” ಎಂದು ಸಾಹೇಬರು ತಡೆದರು. “ಕಳ್ಳರನ್ನು ತಡೆಯುವ ರಿಪೇರಿಯೂ ಅದರಲ್ಲಿಯೇ ಬರುತ್ತದೆ.”

“ಕೋಟೆಗೆ ಹೊಸ ಬೀಗ ಹಾಕಲಿ. ಕೋಟೆಯನ್ನೇ ಏಕೆ ಎಳೆದೊಯ್ಯಬೇಕು?”

ಇದಕ್ಕೆ ಉತ್ತರ ಹೊಳೆಯದೆ ಶರಣಪ್ಪ ಬಜ್ಜಿಗೆ ಕೈಹಾಕಿದ. ಸಾಹೇಬರು ಮಾತ್ರ, 2024ರಲ್ಲಿ ಆಂಡ್ರಾಯ್ಡ್ ಫೋನಿನ ವಾಟ್ಸಾಪ್‌ನಲ್ಲಿ ಮೇಲಿದ್ದ ಬಟನ್‌ಗಳ ಸಾಲು ಕೆಳಗಿಳಿದದ್ದು ಹೆಬ್ಬೆರಳಿಗೆ ಸುಲಭವಾಗಲೆಂದೇ ಎಂದು ವಾದಿಸಿದರು.

“ಹೆಬ್ಬೆರಳಿಗೆ ಮೇಲಿನದು ರೂಢಿಯಾಗಿತ್ತಲ್ಲ! ನಮ್ಮ ಮನೆಯವಳು ಮಗ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು: ‘ಹಸಿರು ಗುರುತು ಒತ್ತುವುದು, ಮೇಲಿನ ಸಾಲು ನೋಡುವುದು.’ ‘ಮೇಲಿನ’ ಹೊಡೆದು ‘ಕೆಳಗಿನ’ ಎಂದು ಬರೆದಳು. ಹೀಗೆ ಹೊಡೆದೂ ಬರೆದೂ ಈಗ ಆ ಹಾಳೆಯ ಅಂಚಿನಲ್ಲಿಯೂ ಜಾಗ ಉಳಿದಿಲ್ಲ.”

“ಅಕ್ಕನವರ ಫೋನಿನಲ್ಲಾದರೂ ನಿಲ್ಲಿಸಿ ಕೊಡಲೇ?”

“ಬೇಡ ಸಾಹೇಬರೇ,” ಎಂದರು ಮಾಸ್ತರರು. “ಬಟನ್ ತಪ್ಪಿದ ದಿನ ಬೆಂಗಳೂರಿನಿಂದ ಮಗ ಅರ್ಧ ತಾಸು ಮಾತನಾಡುತ್ತಾನೆ. ಎಲ್ಲವೂ ಸರಿಯಿದ್ದ ದಿನ ‘ಊಟ ಆಯಿತೇ’ ಎಂದು ಕೇಳಿ ಇಟ್ಟುಬಿಡುತ್ತಾನೆ.”