‘ಪ್ರಿಂಟರ್ ಹಂಚಿಕೊಳ್ಳು’ ಎಂಬ ಪ್ರಯೋಗ: ಹಂಚುವುದೋ, ಕೂಡಿ ಬಳಸುವುದೋ?

ಮಾನ್ಯರೇ,

ಉಡುಪಿಯ ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರುಗಳಿವೆ. ಚಾವಡಿಯಲ್ಲಿರುವುದನ್ನು ಶಾಲೆಯಲ್ಲಿ ಪಾಠ ಮಾಡುವ ನನ್ನ ಮಡದಿ ಬಳಸುತ್ತಾರೆ; ಉಪ್ಪರಿಗೆಯಲ್ಲಿರುವುದು ಕರಡು ತಿದ್ದುವ ನನ್ನ ಕೆಲಸಕ್ಕೆ. ಪ್ರಿಂಟರೂ ಸ್ಕ್ಯಾನರೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರವನ್ನು ಯುಎಸ್‌ಬಿ ತಂತಿಯ ಮೂಲಕ ಚಾವಡಿಯ ಕಂಪ್ಯೂಟರಿಗೆ ಜೋಡಿಸಿದ್ದೇವೆ. ಅದನ್ನು ಉಪ್ಪರಿಗೆಯಿಂದಲೂ ಬಳಸುವ ಏರ್ಪಾಡು ಮಾಡಿಕೊಂಡ ಮೇಲೆ, ಕುಂದಾಪುರದ ಅಕ್ಕನ ಮನೆಯವರಿಗೂ ಅನುಕೂಲವಾಗಲೆಂದು ಆ ಕ್ರಮವನ್ನೆಲ್ಲ ಕನ್ನಡದಲ್ಲಿ ಬರೆದು ಕಳುಹಿಸಿದೆ. ‘ಪ್ರಿಂಟರನ್ನು ಹಂಚಿಕೊಳ್ಳಿ’ ಎಂಬ ಮೊದಲ ಸಾಲನ್ನು ಓದಿದೊಡನೆಯೇ ಅಕ್ಕ ಫೋನ್ ಮಾಡಿ, “ಇಪ್ಪುದ್ ಒಂದೇ ಪ್ರಿಂಟರ್, ಹಂಚ್ಕಂಬುದ್ ಹ್ಯಾಂಗೆ?” ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು ಎಂದು ನನಗೆ ಆಗಲೇ ಅನ್ನಿಸಿತು. ಅಂದಿನಿಂದ ಈ ಪದದ ಕುರಿತು ಯೋಚಿಸುತ್ತಿದ್ದೇನೆ.

‘ಹಂಚು’ ಎಂದರೆ ಇರುವುದನ್ನು ಭಾಗ ಮಾಡಿ ಕೊಡುವುದು. ‘ಕೊಳ್ಳು’ ಸೇರಿದಾಗ, ಆ ಭಾಗಗಳನ್ನು ತಮ್ಮತಮ್ಮಲ್ಲೇ ತೆಗೆದುಕೊಳ್ಳುವುದು. ಪ್ರಸಾದವನ್ನು ಹಂಚುತ್ತೇವೆ, ಖರ್ಚನ್ನು ಹಂಚಿಕೊಳ್ಳುತ್ತೇವೆ, ಮದುವೆ ಮನೆಯ ಕೆಲಸವನ್ನೂ ಹಂಚಿಕೊಳ್ಳುತ್ತೇವೆ. ಎಲ್ಲ ಕಡೆಯೂ ಒಟ್ಟು ಮೊತ್ತ ತುಂಡಾಗಿ ಪ್ರತಿಯೊಬ್ಬರಿಗೂ ಒಂದು ಪಾಲು ಬರುತ್ತದೆ. ಸುದ್ದಿಯನ್ನೋ ಚಿತ್ರವನ್ನೋ ಮೊಬೈಲಿನಲ್ಲಿ ‘ಹಂಚಿಕೊಂಡರು’ ಎಂಬ ಇಂದಿನ ಮಾತಿಗೂ ನನ್ನ ತಕರಾರಿಲ್ಲ, ಏಕೆಂದರೆ ಅಲ್ಲಿ ಮೊತ್ತ ತುಂಡಾಗದಿದ್ದರೂ ಪಡೆದವನ ಕೈಗೆ ಒಂದು ಪ್ರತಿ ಸೇರುತ್ತದೆ. ಪ್ರಿಂಟರಿನ ವಿಷಯದಲ್ಲಿ ಇವೆರಡೂ ಆಗುವುದಿಲ್ಲ. ಯಂತ್ರ ಇಡಿಯಾಗಿ ಒಂದೆಡೆ ಇರುತ್ತದೆ, ಇಬ್ಬರೂ ಅದರಿಂದ ಕೆಲಸ ಪಡೆಯುತ್ತಾರೆ.

ಇದಕ್ಕೆ ಸಾಮ್ಯವಿರುವ ವ್ಯವಸ್ಥೆ ನಮ್ಮ ಊರುಗಳಲ್ಲಿ ಹಿಂದಿನಿಂದಲೂ ಇದೆ. ಮನೆತನದ ಆಸ್ತಿಗೆ ಪಾಲುಪಟ್ಟಿ ಆಗುವಾಗ ಗದ್ದೆ, ತೋಟ, ಕೆಲವೊಮ್ಮೆ ಮನೆಯ ಕೋಣೆಗಳು ಕೂಡ ಹಂಚಿಕೆಯಾಗುತ್ತವೆ, ಆದರೆ ಬಾವಿಯನ್ನು ಹಂಚಲು ಬರುವುದಿಲ್ಲ. ಬಾವಿ ಒಬ್ಬರ ಅಂಗಳದಲ್ಲಿ ಉಳಿಯುತ್ತದೆ, ನೀರು ಸೇದುವ ಹಕ್ಕು ಉಳಿದವರಿಗೂ ಇರುತ್ತದೆ. ಚಾವಡಿಯ ಕಂಪ್ಯೂಟರಿಗೆ ಜೋಡಿಸಿದ ಪ್ರಿಂಟರಿನ ಸ್ಥಿತಿ ಇದೇ. ಆ ಕಂಪ್ಯೂಟರನ್ನು ಆರಿಸಿದರೆ ಅಥವಾ ಅದು ನಿದ್ರಾಸ್ಥಿತಿಗೆ ಹೋದರೆ, ಬಾವಿಯಿರುವ ಅಂಗಳದ ಗೇಟು ಮುಚ್ಚಿದಂತೆ, ಉಪ್ಪರಿಗೆಯವನಿಗೆ ಪ್ರಿಂಟರ್ ಸಿಗುವುದಿಲ್ಲ. ‘ಹಂಚಿಕೊಂಡಿದ್ದೇವೆ’ ಎಂದು ಬರೆದರೆ ಓದುವವರಿಗೆ ತಮ್ಮ ಪಾಲು ತಮ್ಮ ಕೈಯಲ್ಲೇ ಇದೆಯೆಂಬ ಭಾವನೆ ಬರುವ ಕಾರಣ, ಒಂದು ಕಂಪ್ಯೂಟರ್ ಮತ್ತೊಂದನ್ನು ಅವಲಂಬಿಸಿರುವ ಈ ಮುಖ್ಯ ಸಂಗತಿ ಮರೆಯಾಗುತ್ತದೆ.

ಹಳಗನ್ನಡದಲ್ಲಿ ಈ ಅರ್ಥಕ್ಕೆ ‘ಪುದು’ ಎಂಬ ಪದವಿತ್ತು. ಪಕಾರ ಹಕಾರವಾದಾಗ ಅದು ‘ಹುದು’ ಆಯಿತು. ಜಂಟಿಯಾಗಿರುವುದು, ಕೂಡಿ ಅನುಭವಿಸುವುದು ಎಂದು ಅದರ ಅರ್ಥ. ಕರ್ಣನನ್ನು ಕೊಲ್ಲಿಸಿದ ನೆಲದೊಡನೆ ಮತ್ತೆ ಕೂಡಿ ಬಾಳುವೆನೇ ಎಂದು ರನ್ನನ ದುರ್ಯೋಧನ ಕೇಳುವಲ್ಲಿ ಬರುವ ಕ್ರಿಯಾಪದ ‘ಪುದುವಾೞ್’. ಇಷ್ಟು ಅಡಕವಾದ ಪದ ಬಳಕೆಯಿಂದ ಜಾರಿಹೋಯಿತಲ್ಲ ಎಂದು ನನಗೆ ನಿಜವಾಗಿಯೂ ಬೇಸರವಾಗುತ್ತದೆ. ‘ಹುದುಬಳಕೆ’ ಎಂದು ಬರೆಯುವ ಆಸೆಯಾಯಿತಾದರೂ, ಅಕ್ಕನಿಗೆ ಅರ್ಥವಾಗದ ಪದವನ್ನು ಅವಳಿಗಾಗಿ ಬರೆದ ಪತ್ರದಲ್ಲಿ ಹಾಕುವುದು ಸರಿಯಲ್ಲವೆಂದು ‘ಕೂಡುಬಳಕೆ’ ಎಂದು ತಿದ್ದಿದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಇಂಗ್ಲಿಷಿನ ‘ಷೇರ್’ ಎಂಬ ಒಂದೇ ಮಾತು ಎರಡು ಬೇರೆ ಕೆಲಸಗಳನ್ನು ಹೊರುತ್ತದೆ. ವಿಂಡೋಸ್‌ನಲ್ಲಿ ಮೊದಲು ಚಾವಡಿಯ ಕಂಪ್ಯೂಟರಿನಲ್ಲಿ ಪ್ರಿಂಟರಿನ ಗುಣಲಕ್ಷಣಗಳ ಕಿಟಕಿಯನ್ನು ತೆರೆದು, ‘ಷೇರಿಂಗ್’ ಎಂಬಲ್ಲಿ ಗುರುತು ಹಾಕಿ, ಅದಕ್ಕೊಂದು ಹೆಸರು ಕೊಡಬೇಕು. ಆಮೇಲೆ ಉಪ್ಪರಿಗೆಯ ಕಂಪ್ಯೂಟರಿನಲ್ಲಿ ಆ ಹೆಸರನ್ನು ಹುಡುಕಿ ಪ್ರಿಂಟರನ್ನು ಸೇರಿಸಿಕೊಳ್ಳಬೇಕು. ಮೊದಲನೆಯದು ಇದ್ದವರು ಅನುವು ಮಾಡಿಕೊಡುವ ಕೆಲಸ, ಎರಡನೆಯದು ಬೇಕಾದವರು ಅದನ್ನು ಉಪಯೋಗಿಸಿಕೊಳ್ಳುವ ಕೆಲಸ. ‘ಹಂಚಿಕೊಳ್ಳಿ’ ಎಂದರೆ ಯಾವ ಕಂಪ್ಯೂಟರಿನ ಮುಂದೆ ಕೂರಬೇಕೆಂಬುದೇ ತಿಳಿಯುವುದಿಲ್ಲ. ಹಾಗಾಗಿ ನಾನು ‘ಕೂಡುಬಳಕೆಗೆ ತೆರೆಯಿರಿ’ ಎಂದೂ ‘ಸೇರಿಸಿಕೊಳ್ಳಿ’ ಎಂದೂ ಎರಡು ಕ್ರಿಯಾಪದಗಳನ್ನು ಇಟ್ಟೆ. ಮನೆಯಲ್ಲಿ ನಾವು ಆಡುವ ಮಾತಂತೂ ಇನ್ನಷ್ಟು ಸರಳವಾಗಿದೆ: “ಮೇಲೆ ಪ್ರಿಂಟರ್ ಸಿಗುತ್ತದಾ?” ಎಂದು ಮಡದಿ ಕೇಳುತ್ತಾರೆ, “ಪ್ರಿಂಟ್ ಕೊಟ್ಟಿದ್ದೇನೆ, ಬಂತಾ?” ಎಂದು ನಾನು ಕೇಳುತ್ತೇನೆ. ಸಿಗು, ಕೊಡು, ಬರು ಎಂಬ ಈ ಮೂರು ಕ್ರಿಯಾಪದಗಳಿಂದಲೇ ಎಲ್ಲ ವ್ಯವಹಾರ ನಡೆಯುತ್ತದೆ.

ಸ್ಕ್ಯಾನರಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಪ್ರಿಂಟರ್ ಕೊಟ್ಟದ್ದನ್ನು ಪಡೆಯುವ ಯಂತ್ರ. ಇಬ್ಬರೂ ಒಟ್ಟಿಗೆ ಕೊಟ್ಟರೆ ಚಾವಡಿಯ ಕಂಪ್ಯೂಟರ್ ಅವನ್ನು ಸರದಿಯಲ್ಲಿ ಇಟ್ಟು ಒಂದೊಂದಾಗಿ ಮುದ್ರಣಕ್ಕೆ ಬಿಡುತ್ತದೆ. ಸ್ಕ್ಯಾನರ್ ಹಾಗಲ್ಲ, ಅದು ಹಾಳೆಯನ್ನು ಓದಿ ಚಿತ್ರವನ್ನು ಹಿಂದಿರುಗಿಸಬೇಕು, ಓದುವಷ್ಟು ಹೊತ್ತು ಒಬ್ಬರೊಡನೆಯೇ ವ್ಯವಹರಿಸಬೇಕು. ಯುಎಸ್‌ಬಿಯಲ್ಲಿ ಜೋಡಿಸಿದ ಯಂತ್ರದ ಪ್ರಿಂಟರಿಗೆ ವಿಂಡೋಸ್‌ನಲ್ಲಿ ಹಾಕಿದ ಗುರುತು ಅದರ ಸ್ಕ್ಯಾನರಿಗೆ ಅನ್ವಯಿಸುವುದಿಲ್ಲ. ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ‘ಸೇನ್’ ಎಂಬ ವ್ಯವಸ್ಥೆಯ ಮೂಲಕ ಸ್ಕ್ಯಾನರನ್ನು ಇನ್ನೊಂದು ಕಂಪ್ಯೂಟರಿಗೂ ಒದಗಿಸಬಹುದು. ನಮ್ಮಲ್ಲಿರುವುದು ವಿಂಡೋಸ್ ಆದ್ದರಿಂದ ಕೆಳಗೇ ಸ್ಕ್ಯಾನ್ ಮಾಡಿ, ಆ ಕಡತವನ್ನು ಇಬ್ಬರಿಗೂ ಕಾಣುವ ಫೋಲ್ಡರಿನಲ್ಲಿ ಇಡುತ್ತೇವೆ. ಆ ಕಡತದ ಪ್ರತಿ ಇಬ್ಬರಿಗೂ ಸಿಗುವುದರಿಂದ ಅಲ್ಲಿ ‘ಹಂಚಿಕೊಳ್ಳು’ ಸರಿಯಾದ ಪದವೇ. ಒಂದೇ ಪೆಟ್ಟಿಗೆಯ ಎರಡು ಕೆಲಸಗಳಿಗೆ ಎರಡು ಪದಗಳು ಬೇಕಾಗುತ್ತವೆ ಎಂಬುದು ಬರೆಯಲು ಕುಳಿತಾಗಲೇ ನನಗೆ ಹೊಳೆದದ್ದು.

‘ಪ್ರಿಂಟರ್’ ಎಂಬುದನ್ನೇ ‘ಮುದ್ರಕ’ ಎಂದು ಏಕೆ ಬರೆಯಲಿಲ್ಲವೆಂದು ಕೆಲವರು ಕೇಳಬಹುದು. ಪುಸ್ತಕದ ಒಳಪುಟದಲ್ಲಿ ಪ್ರಕಾಶಕರ ಹೆಸರಿನ ಹತ್ತಿರವೇ ‘ಮುದ್ರಕರು’ ಎಂದು ಅಚ್ಚಾಗುವುದನ್ನು ನೋಡುತ್ತಲೇ ಬೆಳೆದವನು ನಾನು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟ ಈ ಕರಾವಳಿಯಲ್ಲಿ ಮುದ್ರಕ ಎಂದರೆ ಇಂದಿಗೂ ಮನುಷ್ಯನೇ, ಮುದ್ರಣಾಲಯದ ಯಜಮಾನನೇ. ಆ ಪದವನ್ನು ಪೆಟ್ಟಿಗೆಗೆ ವರ್ಗಾಯಿಸಲು ನನಗೆ ಮನಸ್ಸು ಬರುವುದಿಲ್ಲ.

ಬಲ್ಲವರಲ್ಲಿ ನನ್ನ ವಿನಂತಿ ಎರಡು. ‘ಹುದು’ ಎಂಬುದು ಯಾವ ಊರಿನ ಆಡುಮಾತಿನಲ್ಲಾದರೂ, ಹವ್ಯಕ ಕನ್ನಡದಲ್ಲೋ ಮಲೆನಾಡಿನ ತೋಟಗಳ ವ್ಯವಹಾರದಲ್ಲೋ, ಇನ್ನೂ ಉಳಿದಿದ್ದರೆ ವಾಕ್ಯಸಹಿತ ತಿಳಿಸಬೇಕು. ಪಾಲಾಗದೆ ಉಳಿದ ಬಾವಿಗೆ, ಕೆರೆಗೆ, ಕಣಕ್ಕೆ ನಿಮ್ಮ ಹಳೆಯ ಪಾಲುಪಟ್ಟಿಗಳಲ್ಲಿ ಯಾವ ಪದವನ್ನು ಬರೆದಿದ್ದಾರೆಂಬುದನ್ನೂ ದಯವಿಟ್ಟು ನೋಡಿ ಹೇಳಬೇಕು. ಅಕ್ಕನಿಗೆ ಕಳುಹಿಸಬೇಕಾದ ತಿದ್ದಿದ ಪ್ರತಿ ಇನ್ನೂ ನನ್ನಲ್ಲೇ ಇದೆ.