ಅಕ್ನಾಲೆಜ್‌ಮೆಂಟ್‌ಗೆ ‘ಸ್ವೀಕೃತಿ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಮೆಸೇಜ್ ಕ್ಯೂ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ತಂತ್ರಾಂಶ ತನ್ನ ಎಕ್ಸ್‌ಎಂಎಲ್ ಅಥವಾ ಜೇಸನ್ ಮಾದರಿಯಲ್ಲಿ ಬರೆದ ಮಾಹಿತಿಯ ದಾಖಲೆಯನ್ನು ಇನ್ನೊಂದಕ್ಕೆ ನೇರವಾಗಿ ಕೊಡುವುದಿಲ್ಲ. ನಡುವಿನ ಕ್ಯೂನಲ್ಲಿ ಇಟ್ಟು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಇನ್ನೊಂದು ತನಗೆ ಬಿಡುವಾದಾಗ ಎತ್ತಿಕೊಳ್ಳುತ್ತದೆ. ಇಷ್ಟು ಹೇಳುವುದು ಕಷ್ಟವಲ್ಲ. ‘ಸರತಿ ಸಾಲು’ ಎಲ್ಲರಿಗೂ ಗೊತ್ತಿರುವ ಮಾತು. ಬರೀ ‘ಸಾಲು’ ಅಂದರೆ ಟೇಬಲ್ಲಿನ ಅಡ್ಡಸಾಲು ಅಂತಲೂ ಓದಿಕೊಳ್ಳಬಹುದು, ಹಾಗಾಗಿ ‘ಸರತಿ’ಯನ್ನು ಬಿಡುವ ಹಾಗಿಲ್ಲ. ನನ್ನ ಬರವಣಿಗೆ ನಿಂತಿರುವುದು ‘ಅಕ್ನಾಲೆಜ್‌ಮೆಂಟ್’ (ಚುಟುಕಾಗಿ ‘ಅಕ್’) ಹತ್ತಿರ, ಅಂದರೆ ದಾಖಲೆ ಎತ್ತಿಕೊಂಡ ತಂತ್ರಾಂಶ ಕ್ಯೂಗೆ ಕೊಡುವ ಉತ್ತರದ ಹತ್ತಿರ.

ಇದಕ್ಕೆ ಥಟ್ಟನೆ ಹೊಳೆಯುವ ಪದ ‘ಸ್ವೀಕೃತಿ’. ಆದರೆ ಸ್ವೀಕೃತಿ ಪತ್ರ ಅಂದರೆ ನಮಗೆ ಏನು? ಕಾಗದ ಕೈಸೇರಿತು, ಅಷ್ಟೇ. ಒಳಗೆ ಬರೆದದ್ದನ್ನು ಓದಿದರಾ, ಕೆಲಸ ಆಯಿತಾ ಅನ್ನುವುದು ಬೇರೆ ಮಾತು. ಕ್ಯೂನಲ್ಲಿ ಹಾಗಲ್ಲ. ರ‍್ಯಾಬಿಟ್‌ಎಂಕ್ಯೂ ಅನ್ನುವ ಕ್ಯೂ ತಂತ್ರಾಂಶ ಒಂದು ದಾಖಲೆಯನ್ನು ಪಡೆಯುವ ತಂತ್ರಾಂಶಕ್ಕೆ ಕೊಟ್ಟ ಮೇಲೂ ತನ್ನ ಹತ್ತಿರ ಇರುವುದನ್ನು ಅಳಿಸದೆ ಕಾಯುತ್ತದೆ. ಅತ್ತ ಕಡೆಯಿಂದ ‘ಅಕ್’ ಬಂದಾಗಲೇ ಅಳಿಸುವುದು. ಅಕ್ ಬರುವ ಮೊದಲೇ ಸಂಪರ್ಕ ಕಡಿದುಹೋದರೆ ಅದೇ ದಾಖಲೆಯನ್ನು ಮತ್ತೆ ಸಾಲಿಗೆ ಸೇರಿಸುತ್ತದೆ. ಅಂದರೆ ಅಕ್ ಹೇಳುವುದು ‘ಸಿಕ್ಕಿತು’ ಅಂತ ಅಲ್ಲ. ‘ನನ್ನ ಕೆಲಸ ಮುಗಿಯಿತು, ಇನ್ನು ನೀನು ಇಟ್ಟುಕೊಳ್ಳಬೇಕಿಲ್ಲ’ ಅಂತ.

ಈ ವ್ಯತ್ಯಾಸ ಸಣ್ಣದಲ್ಲ. ‘ಸ್ವೀಕೃತಿ ಕಳಿಸಿ’ ಅಂತ ಓದಿದ ಹೊಸಬರು ಏನು ಮಾಡುತ್ತಾರೆ? ದಾಖಲೆ ಕೈಗೆ ಬಂದ ತಕ್ಷಣ, ಕೋಡಿನ ಮೊದಲ ಸಾಲಿನಲ್ಲೇ ಅಕ್ ಕಳಿಸಿಬಿಡುತ್ತಾರೆ. ಆಮೇಲೆ ಡೇಟಾಬೇಸಿಗೆ ಬರೆಯಲು ಹೋದಾಗ ಏನೋ ಕೆಟ್ಟಿತು ಅಂದುಕೊಳ್ಳಿ. ಆ ದಾಖಲೆ ಈಗ ಸಾಲಿನಲ್ಲೂ ಇಲ್ಲ, ಡೇಟಾಬೇಸಿನಲ್ಲೂ ಇಲ್ಲ. ಹುಡುಕುವುದು ಎಲ್ಲಿ? ಪದ ಸರಿಯಾಗಿದ್ದರೆ ಅಕ್ ಅನ್ನು ಕೊನೆಯಲ್ಲಿ ಇಡಬೇಕು ಅಂತ ಬೇರೆ ಹೇಳುವ ಅಗತ್ಯವೇ ಬರುವುದಿಲ್ಲ.

ಹಾಗಂತ ‘ಸ್ವೀಕೃತಿ’ ಬೇಡವೇ ಬೇಡ ಅನ್ನುತ್ತಿಲ್ಲ. ಕಳಿಸುವ ಕಡೆ ಇನ್ನೊಂದು ಉತ್ತರ ಇದೆ. ‘ನೀನು ಕೊಟ್ಟ ದಾಖಲೆ ನನ್ನ ಜವಾಬ್ದಾರಿಗೆ ಬಂತು’ ಅಂತ ಕ್ಯೂ ಕಳಿಸುವವರಿಗೆ ಹೇಳುವುದು. ಅದು ಅಪ್ಪಟ ಸ್ವೀಕೃತಿ. ಅಲ್ಲಿ ಆ ಪದ ಹೇಳಿ ಮಾಡಿಸಿದಂತಿದೆ. ಎರಡಕ್ಕೂ ಒಂದೇ ಪದ ಬಳಸಿದರೆ ಮಾತ್ರ ತೊಂದರೆ.

ಪಡೆಯುವ ಕಡೆಗೆ ನನಗೆ ಹೊಳೆದಿರುವುದು ‘ವಿಲೇವಾರಿ’. ಕಡತ ವಿಲೇವಾರಿ ಆಯಿತು ಅಂದರೆ ಅದರ ಮೇಲೆ ಆಗಬೇಕಾದ್ದು ಆಯಿತು ಅಂತ, ಅಲ್ವಾ? 2012ರಲ್ಲಿ ಒಯಾಸಿಸ್ ಸಂಸ್ಥೆ ಮಾನಕವಾಗಿ ಒಪ್ಪಿದ ಎಎಂಕ್ಯೂಪಿ 1.0 (ಕ್ಯೂ ಜೊತೆ ತಂತ್ರಾಂಶಗಳು ಮಾತಾಡುವ ನಿಯಮಾವಳಿ) ಕೂಡ ಈ ಉತ್ತರವನ್ನು ಹೊತ್ತು ತರುವುದಕ್ಕೆ ‘ಡಿಸ್ಪೊಸಿಷನ್’ ಅಂತಲೇ ಹೆಸರಿಟ್ಟಿದೆ. ಅಮೆಜಾನಿನ ಕ್ಯೂ ಸೇವೆಯಾದ ಎಸ್‌ಕ್ಯೂಎಸ್‌ನಲ್ಲಂತೂ ಅಕ್ ಅನ್ನುವ ಹೆಸರೇ ಇಲ್ಲ. ಕೆಲಸ ಮುಗಿಸಿದವರು ‘ಅಳಿಸು’ ಅಂತ ಹೇಳಬೇಕು. ಎತ್ತಿಕೊಂಡ ಸಂದೇಶ ಬೇರೆಯವರ ಕಣ್ಣಿಗೆ ಬೀಳದೆ ಇರುವುದು, ನಾವು ಬದಲಿಸದಿದ್ದರೆ, 30 ಸೆಕೆಂಡು ಮಾತ್ರ. ಅಷ್ಟರಲ್ಲಿ ಅಳಿಸದಿದ್ದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ‘ವಿಲೇವಾರಿ’ ಬಗ್ಗೆ ನನಗಿರುವ ಅಳುಕು ಒಂದೇ. ಈಚೆಗೆ ಆ ಪದ ಕೇಳಿದರೆ ಕಸವೇ ಜಾಸ್ತಿ ನೆನಪಾಗುತ್ತದೆ.

ಕೆಲಸ ಮುಗಿಯದೆ ದಾಖಲೆಯನ್ನು ತಿರಸ್ಕರಿಸುವುದೂ ಇದೆ. ದಾಖಲೆಯಲ್ಲಿ ಏನು ತಪ್ಪು ಅಂತ ಹೇಳಲು ಅಲ್ಲಿ ಇನ್ನೊಂದು ಜೋಡಿ ಪದ ಬೇಕು. ಎಕ್ಸ್‌ಎಂಎಲ್‌ನ ಟ್ಯಾಗುಗಳನ್ನು ಕನ್ನಡದಲ್ಲೇ ಬರೆಯಬಹುದು, ಹಾಗಾಗಿ ಕೈಪಿಡಿಯಲ್ಲಿ ಈ ಉದಾಹರಣೆ ಕೊಟ್ಟಿದ್ದೇನೆ:

<ಆರ್ಡರ್><ಮೊತ್ತ>೧೦೦</ಮೊತ್ತ></ಆರ್ಡರ್>

ತೆರೆದ ಟ್ಯಾಗುಗಳೆಲ್ಲ ಮುಚ್ಚಿವೆ, ಒಂದರೊಳಗೊಂದು ಸರಿಯಾಗಿ ಕೂತಿವೆ. 1998ರ ಎಕ್ಸ್‌ಎಂಎಲ್ 1.0 ಇದನ್ನು ‘ವೆಲ್‌ಫಾರ್ಮ್ಡ್’ ಅನ್ನುತ್ತದೆ. ಆದರೆ ಮೊತ್ತ ಡೆಸಿಮಲ್ (ದಶಮಾಂಶ ಸಂಖ್ಯೆ) ಆಗಿರಬೇಕು ಅಂತ ಸ್ಕೀಮಾದಲ್ಲಿ, ಅಂದರೆ ದಾಖಲೆ ಹೇಗಿರಬೇಕು ಅನ್ನುವ ನಿಯಮಪಟ್ಟಿಯಲ್ಲಿ, ಬರೆದಿದ್ದರೆ ಇದು ‘ವ್ಯಾಲಿಡ್’ ಅಲ್ಲ. ಸ್ಕೀಮಾಕ್ಕೆ 0ಯಿಂದ 9ರವರೆಗಿನ ಅಂಕಿಗಳೇ ಬೇಕು. ನಮ್ಮ ಕಣ್ಣಿಗೆ ೧೦೦ ನೂರೇ ಆದರೂ ಅದಕ್ಕೆ ಬರೀ ಅಕ್ಷರ. ಇಲ್ಲಿ ಎರಡಕ್ಕೂ ‘ಸರಿಯಾದ’ ಅಂತ ಬರೆದರೆ ಓದುವವರಿಗೆ ತಪ್ಪು ಯಾವುದು ಅಂತಲೇ ತಿಳಿಯುವುದಿಲ್ಲ. ಮೊದಲನೆಯದಕ್ಕೆ ‘ಕಟ್ಟು ಸರಿಯಿರುವ’, ಎರಡನೆಯದಕ್ಕೆ ‘ಸಿಂಧು’ ಅಂತ ಬರೆದಿದ್ದೇನೆ. ಅಸಿಂಧು ಮತ ಅನ್ನುವಲ್ಲಿ ಇರುವ ಸಿಂಧು. ನಿಯಮಕ್ಕೆ ತಾಳೆ ಹಾಕಿ ನೋಡಿದ ಅರ್ಥ ಅದರಲ್ಲಿದೆ. ‘ಮಾನ್ಯ’ ಅಂದರೆ ಮರ್ಯಾದೆಯ ಮಾತಾಗಿಬಿಡುತ್ತದೆ.

ಹೀಗೆ ತಿರಸ್ಕರಿಸಿದ ದಾಖಲೆಗಳನ್ನು ಇಡುವ ‘ಡೆಡ್ ಲೆಟರ್ ಕ್ಯೂ’ಗೆ ‘ಬದಿಗಿಟ್ಟ ಸಾಲು’ ಸಾಕು ಅನ್ನಿಸುತ್ತದೆ. ಯಾರೋ ಬಂದು ನೋಡಿ, ತಿದ್ದಿ, ಮತ್ತೆ ಕಳಿಸಲಿ ಅಂತಲೇ ಅವನ್ನು ಇಟ್ಟಿರುವುದು. ‘ಸತ್ತ ಪತ್ರ’ ಅಂದರೆ ಆ ಅರ್ಥ ಪೂರ್ತಿ ಹೋಗಿಬಿಡುತ್ತದೆ.

ಕಡತಗಳ ನಡುವೆ ಕೆಲಸ ಮಾಡಿದವರಿಂದ ಒಂದು ವಿಷಯ ತಿಳಿಯಬೇಕು. ಎಎಂಕ್ಯೂಪಿ 1.0ರಲ್ಲಿ ದಾಖಲೆಯನ್ನು ಮುಟ್ಟದೆ ಹಾಗೇ ಸಾಲಿಗೆ ಬಿಟ್ಟುಕೊಡುವುದನ್ನೂ ‘ಡಿಸ್ಪೊಸಿಷನ್’ ಒಳಗೇ ಸೇರಿಸಿದ್ದಾರೆ. ಕಡತವನ್ನು ಏನೂ ಬರೆಯದೆ ಬಂದ ಮೇಜಿಗೇ ವಾಪಸ್ ಕಳಿಸಿದರೆ ಅದನ್ನೂ ‘ವಿಲೇವಾರಿ’ ಅನ್ನುತ್ತಾರಾ? ಅನ್ನುವುದಿಲ್ಲ ಅಂತಾದರೆ ಪೂರ್ತಿ ಗುಂಪಿಗೆ ಬೇರೆ ಪದ ಹುಡುಕಿ, ‘ವಿಲೇವಾರಿ’ಯನ್ನು ಕೆಲಸ ಮುಗಿದದ್ದಕ್ಕೆ ಮಾತ್ರ ಇಟ್ಟುಕೊಳ್ಳುತ್ತೇನೆ.