ಮದುವೆ ಹೂವಿನ ಕೆಲಸಕ್ಕೆ ಅಗ್ರಿಮೆಂಟ್ ಬೇಕಾ? ಬರೆಸಿಕೊಳ್ಳೋರು ಏನೇನು ಹಾಕ್ತೀರಾ?

ಹೂಬುಟ್ಟಿ:
ಎಲ್ರಿಗೂ ನಮಸ್ಕಾರ. ಮದುವೆಗಳಿಗೆ ಹೂವಿನ ಅಲಂಕಾರ ಮಾಡೋಕೆ ಶುರು ಮಾಡಿ ಮೂರು ವರ್ಷ ಆಯ್ತು, ಇಲ್ಲಿವರೆಗೂ ಎಲ್ಲಾ ಬಾಯಿಮಾತು, ಫೋನು, ವಾಟ್ಸಾಪ್ ಇಷ್ಟರಲ್ಲೇ ನಡೀತಿತ್ತು, ಹೋದ ತಿಂಗಳು ಚೆನ್ನಾಗಿ ಕೈ ಸುಟ್ಟುಕೊಂಡೆ. ಹುಡುಗಿ ಮೊದಲ ದಿನಾನೇ ಪಿಯೋನಿ ಹೂವಿನ ಫೋಟೋ ಕಳಿಸಿದ್ದಳು, ನಾನು "ಆ ಥರಾನೇ ಮಾಡೋಣ" ಅಂದೆ. ಮದುವೆ ಹೊತ್ತಿಗೆ ಪಿಯೋನಿ ಸೀಸನ್ ಮುಗಿದಿರುತ್ತೆ ಅಂತ ಆಮೇಲೆ ಹೊಳೀತು, ಫೋನ್ ಮಾಡಿದಾಗ ಎತ್ತಿದ್ದು ಅವಳ ಅಕ್ಕ, ಗಾರ್ಡನ್ ರೋಸ್ ಹಾಕ್ತೀನಿ ಅಂದೆ, ಸರಿ ಅಂದ್ರು. ಅಷ್ಟೇ. ಮದುವೆ ದಿನ ಬೆಳಗ್ಗೆ ಅವರಮ್ಮ ಬಂದು ಫೋಟೋದಲ್ಲಿದ್ದ ಹೂ ಎಲ್ಲಮ್ಮಾ ಅಂತ ಎಲ್ರ ಮುಂದೆ ಕೇಳಿದ್ರು, ಅಕ್ಕನಿಗೆ ಆ ಫೋನ್ ನೆನಪೇ ಇಲ್ಲ.

ಇದು ಸಾಲದು ಅಂತ ಐದು ದಿನ ಮುಂಚೆ ಗೆಸ್ಟ್ ಕಮ್ಮಿ ಆದ್ರು, ನಾಲ್ಕು ಟೇಬಲ್ ತೆಗೀರಿ ಅಂದಿದ್ರು, ಅಷ್ಟೊತ್ತಿಗೆ ಹೂವಿನ ಆರ್ಡರ್ ಹೋಗಿಯಾಗಿತ್ತು. ಮುಗಿದ ಮೇಲೆ ನೋಡಿದ್ರೆ ನನ್ನ ಹನ್ನೊಂದು ಗಾಜಿನ ಹೂದಾನಿ ಕಾಣೆ, ಗೆಸ್ಟ್‌ಗಳು ಹೂವಿನ ಸಮೇತ ಮನೆಗೆ ತಗೊಂಡು ಹೋಗಿದಾರೆ ಪಾಪ, ಫ್ರೀ ಅಂದ್ಕೊಂಡು. ಬ್ಯಾಲೆನ್ಸ್ ಇನ್ನೂ ಬಂದಿಲ್ಲ, ಕೇಳಿದ್ರೆ "ನೀವು ಹೇಳಿದ್ದು ಒಂದು, ಮಾಡಿದ್ದು ಒಂದು" ಅಂತಾರೆ.

ನನ್ನ ಪ್ರಶ್ನೆ, ನೀವೆಲ್ಲಾ ಅಗ್ರಿಮೆಂಟ್ ಮಾಡಿಸ್ಕೊತೀರಾ? ನನಗೆ ಬರೋರೆಲ್ಲಾ ಪರಿಚಯದವರ ಪರಿಚಯದವರು, ಮದುವೆ ಖುಷಿಯಲ್ಲಿ ಬಂದವರ ಮುಂದೆ ಕಾಗದ ಇಟ್ಟು ಸೈನ್ ಹಾಕಿ ಅಂದ್ರೆ ಮುಖ ಸಪ್ಪಗಾಗಲ್ವಾ? ಮಾಡೋದೇ ಆದ್ರೆ ಅದರಲ್ಲಿ ಏನೇನಿರ್ಬೇಕು?

ಹಳೇಕತ್ರಿ:
ನಿಮ್ಮ ಕಥೆ ಓದಿ ನನ್ನ ನಾಲ್ಕನೇ ವರ್ಷ ನೆನಪಾಯ್ತು, ಸೇಮ್ ಟು ಸೇಮ್, ನನ್ನದರಲ್ಲಿ ಹೂದಾನಿ ಬದಲು ಕ್ಯಾಂಡಲ್ ಸ್ಟ್ಯಾಂಡ್.

ಒಂದು ಮಾತು ನೋಡಿ. ಬಟ್ಟೆ ಅಂಗಡಿಯವರು ಮಾರಾಟ ಆಗದ್ದನ್ನ ಮುಂದಿನ ವಾರ ಮಾರ್ತಾರೆ, ನಾವು ತರಿಸಿದ ಹೂವನ್ನ ವಾಪಸ್ ಕೊಡೋ ಹಾಗಿಲ್ಲ, ಇಟ್ಟುಕೊಳ್ಳೋ ಹಾಗಿಲ್ಲ, ಮುಂದಿನ ಮದುವೆಯವರಿಗೆ ಆ ಬಣ್ಣ ಬೇಕಾಗಿರಲ್ಲ. ಆ ತಾರೀಖಿಗೆ ಅಂತ ಬೇರೆಯವರನ್ನ ಬೇಡ ಅಂದಿರ್ತೀವಿ, ಅದೂ ವಾಪಸ್ ಬರಲ್ಲ. ಅವರ ಕಡೆಯಿಂದ ನೋಡಿದ್ರೂ ಅಷ್ಟೇ, ಕೆಟ್ಟಿದ್ದನ್ನ ನಾಳೆ ಸರಿ ಮಾಡಿಕೊಡ್ತೀನಿ ಅನ್ನೋಕಾಗಲ್ಲ. ಹಾಗಾಗಿ ಮೊದಲೇ ಬರೆದಿಟ್ಕೊಳ್ಳದೆ ಬೇರೆ ದಾರಿ ಇಲ್ಲ.

ನನ್ನ ಅಗ್ರಿಮೆಂಟಲ್ಲಿ ಅತಿ ಉದ್ದ ಇರೋದು ಹೂ ಬದಲಾವಣೆ ವಿಷಯ. ಪಿಯೋನಿ ಅದು ಬೆಳೆಯೋ ತಂಪು ಜಾಗಗಳಲ್ಲೇ ವಸಂತದ ಕೊನೆಗೆ ಕೆಲವೇ ವಾರ ಸಿಗೋ ಹೂ, ಫೋಟೋದಲ್ಲಿ ಮಾತ್ರ ವರ್ಷಪೂರ್ತಿ ಅರಳಿರುತ್ತೆ. ಮಳೆ ಜಾಸ್ತಿಯಾಗಿ ಬೆಳೆ ಹೋಗಬಹುದು, ಲೋಡ್ ಲೇಟಾಗಬಹುದು, ಪೆಟ್ಟಿಗೆ ಬಿಚ್ಚಿದಾಗ ಅರ್ಧ ಕೊಳೆತಿರಬಹುದು. ಆಗ ಅದೇ ಬಣ್ಣದ ಛಾಯೆ, ಹತ್ತಿರತ್ತಿರ ಅದೇ ಆಕಾರ, ಅಷ್ಟೇ ಬೆಲೆಯ ಅಥವಾ ಅದಕ್ಕಿಂತ ಮೇಲಿನ ಹೂ ಹಾಕ್ತೀನಿ ಅಂತ ಬರೀತೀನಿ. ಬರೀ "ಬೇರೆ ಹೂ ಹಾಕೋ ಹಕ್ಕು ನಮ್ಮದು" ಅಂದ್ರೆ ಯಾರು ತಾನೇ ಒಪ್ತಾರೆ, ಅವರ ದುಡ್ಡಿಗೆ ಬೆಲೆ ಇದೆ ಅಂತ ಅವರಿಗೂ ಅನ್ನಿಸಬೇಕಲ್ಲ. ಜೊತೆಗೆ ಯಾವ ಹೂ ಇಲ್ದೇ ಇದ್ರೆ ಆಗೋದೇ ಇಲ್ಲ ಅಂತ ಕೇಳಿ ಅದೊಂದನ್ನ ಬೇರೆ ಬರೀತೀನಿ, ಅದು ಸಿಗಲ್ಲ ಅಂತಾದ್ರೆ ಅವರನ್ನ ಕೇಳದೆ ಬದಲಿಸಲ್ಲ. ಅವರು ಕಳಿಸಿದ ಫೋಟೋ ಬರೀ ದಾರಿ ತೋರಿಸೋಕೆ, ಅದೇ ಕಾಪಿ ಬರಲ್ಲ ಅಂತಾನೂ ಇರುತ್ತೆ. ಫೋನ್ ಸ್ಕ್ರೀನಲ್ಲಿ ಪೀಚ್ ಕಂಡಿದ್ದು ಕೈಗೆ ಬಂದಾಗ ಗುಲಾಬಿ ಬಣ್ಣ ಇರುತ್ತೆ, ಒಂದೇ ತಳಿಯ ರೋಸ್ ಎರಡು ಲೋಡಲ್ಲಿ ಎರಡು ಥರ ಬಂದಿದ್ದು ನಾನೇ ನೋಡಿದೀನಿ.

ಎರಡನೇದು ಲೆಕ್ಕ. ಹೋಲ್‌ಸೇಲಲ್ಲಿ ಹೂ ಬಿಡಿಬಿಡಿ ಬರಲ್ಲ, ರೋಸ್ ಆದ್ರೆ ಹತ್ತರದ್ದೋ ಇಪ್ಪತ್ತರದ್ದೋ ಇಪ್ಪತ್ತೈದರದ್ದೋ ಕಟ್ಟು, ಟೇಬಲ್‌ಗೆ ಏಳು ಹೂ ಅಂದ್ರೆ ಒಂದು ಟೇಬಲ್ ತೆಗೆದ್ರೂ ಎಷ್ಟೋ ಸಲ ಕಟ್ಟು ಕಮ್ಮಿ ಆಗಲ್ಲ. ಇದು ಕ್ಲೈಂಟ್‌ಗೆ ಗೊತ್ತಿರಲ್ಲ, ಗೊತ್ತಿರಬೇಕು ಅಂತಾನೂ ಇಲ್ಲ. ಅದಕ್ಕೆ ಫೈನಲ್ ಲೆಕ್ಕ ಕೊಡೋ ಕೊನೇ ತಾರೀಖು ಅಂತ ಒಂದು ಸಾಲು, ನಾನು ಮದುವೆಗೆ 30 ದಿನ ಮುಂಚೆ ಇಟ್ಟಿದೀನಿ, ಬ್ಯಾಲೆನ್ಸ್ ಪೂರ್ತಿ ಬರಬೇಕಾದ್ದೂ ಅವತ್ತೇ. ಆ ತಾರೀಖಿನವರೆಗೂ ಒಟ್ಟು ಆರ್ಡರಿನ 20%ವರೆಗೆ ಇಳಿಸಬಹುದು, ಆಮೇಲೆ ಜಾಸ್ತಿ ಮಾಡಬಹುದು ಹೂ ಸಿಕ್ಕಿದ್ರೆ, ಕಮ್ಮಿ ಮಾಡೋ ಹಾಗಿಲ್ಲ. ಹೂ ಕೈಗೆ ಕೊಟ್ಟ ಮೇಲೆ ದುಡ್ಡು ಕೇಳೋ ಕೆಲಸ ಮಾತ್ರ ಬೇಡ ಕಣಮ್ಮಾ, ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗಿರುತ್ತೆ.

ಒಂಬತ್ತ್‌ವರ್ಷ:
ನಾನು ಒಪ್ಪಲ್ಲ. ಒಂಬತ್ತು ವರ್ಷದಿಂದ ಮಾಡ್ತಿದೀನಿ, ಒಂದು ಕಾಗದ ಇಲ್ಲ. ನಂಬಿಕೆ ಮೇಲೆ ಬಂದವರಿಗೆ ಆರು ಪೇಜ್ ಕಂಡೀಷನ್ ಕೊಟ್ರೆ "ಇವರೇನು ಕೋರ್ಟಿಗೆ ಹೋಗೋಕೆ ರೆಡಿ ಆಗಿದಾರಾ" ಅಂತಾರೆ, ಪಕ್ಕದವನ ಹತ್ರ ಹೋಗ್ತಾರೆ. ಸರಿಯಾಗಿ ಮಾತಾಡಿದ್ರೆ ಸಾಕು, ಮೇಡಂ ಮಾಡಿದ ತಪ್ಪು ಅಕ್ಕನ ಹತ್ರ ಮಾತಾಡಿದ್ದು, ಹುಡುಗಿ ಹತ್ರಾನೇ ಮಾತಾಡಿದ್ರೆ ಮುಗೀತಿತ್ತು.

ಹಳೇಕತ್ರಿ:
@ಒಂಬತ್ತ್‌ವರ್ಷ ಆರು ಪೇಜ್ ಯಾರು ಹೇಳಿದ್ರು ಅಣ್ಣ, ನಂದು ಎರಡು ಪೇಜ್, ಜೊತೆಗೆ ಐಟಂ ಪಟ್ಟಿ. ಅಕ್ಕನ ವಿಷಯ ಸರಿಯಾಗಿ ಹಿಡಿದ್ರಿ, ಅದನ್ನೂ ನಾನು ಬರೀತೀನಿ, ಬದಲಾವಣೆ ಹೇಳೋ ಹಕ್ಕು ಇರೋದು ಇಂಥವರೊಬ್ಬರಿಗೇ, ಅದೂ ಮೆಸೇಜಲ್ಲಿ, ನಾನು "ಓಕೆ" ಅಂತ ವಾಪಸ್ ಬರೆದ ಮೇಲೇನೇ ಲೆಕ್ಕ. ಮದುವೆ ಮನೆಯಲ್ಲಿ ಎಲ್ರೂ ಯಜಮಾನ್ರೇ ಅಲ್ವಾ. 2020ರಲ್ಲಿ ಎಲ್ಲಾ ಮದುವೆ ಮುಂದಕ್ಕೆ ಹೋದಾಗ ನೀವೇನು ಮಾಡಿದ್ರಿ ಹೇಳಿ, ಅಡ್ವಾನ್ಸ್ ಯಾರದ್ದಾಯ್ತು?

ಒಂಬತ್ತ್‌ವರ್ಷ:
ಅದೊಂದು ಕೇಳಬೇಡಿ. ಕೆಲವರಿಗೆ ವಾಪಸ್ ಕೊಟ್ಟೆ, ಕೆಲವರ ಹತ್ರ ಜಗಳ ಆಯ್ತು, ಒಬ್ರು ಇವತ್ತಿಗೂ ಮಾತಾಡಲ್ಲ.

ಕಪ್ಪುಕೋಟು:
ವಕೀಲಿಕೆ ಮಾಡ್ತೀನಿ, ಹೂವಿನ ಬಗ್ಗೆ ಏನೂ ಗೊತ್ತಿಲ್ಲ, ತಂಗಿ ಮದುವೆ ಇದೆ ಅಂತ ಇಲ್ಲಿ ಓದ್ತಿದ್ದೆ. ಒಂದೊಂದು ಕಡೆ ಒಂದೊಂದು ಕಾನೂನು, ನಿಮ್ಮ ಊರಿನ ವಕೀಲರಿಗೆ ಒಂದು ಸಲ ತೋರಿಸಿ, ಆದ್ರೂ ಮೂರು ವಿಷಯ ಹೇಳ್ತೀನಿ.

ಅಡ್ವಾನ್ಸ್ ಅನ್ನೋ ಪದ ಒಂದೇ ಬರೆದು ಬಿಡಬೇಡಿ. ಆ ದುಡ್ಡು ಯಾಕೆ ಅಂತ ಬರೀರಿ, ತಾರೀಖು ಹಿಡಿದಿಡೋಕೆ, ಬೇರೆ ಆರ್ಡರ್ ಬಿಡೋದಕ್ಕೆ, ಡಿಸೈನ್ ಕೆಲಸಕ್ಕೆ, ಹಾಗಾಗಿ ಕ್ಯಾನ್ಸಲ್ ಮಾಡಿದ್ರೆ ವಾಪಸ್ ಇಲ್ಲ ಅಂತ. ಬರೀ ಡೆಪಾಸಿಟ್ ಅಂತಿದ್ರೆ ವಾಪಸ್ ಬರೋ ದುಡ್ಡು ಅಂತ ಅವರು ಅಂದ್ಕೊಂಡಿದ್ದು ತಪ್ಪೇನಲ್ಲ. ಇನ್ನು ಕ್ಯಾನ್ಸಲ್‌ಗೆ ಇಷ್ಟು ಅಂತ ಹಾಕುವಾಗ ನಿಮ್ಮ ನಷ್ಟಕ್ಕೆ ಸಂಬಂಧ ಇರಲಿ. ಹತ್ತು ತಿಂಗಳ ಮುಂಚೆ ಬೇಡ ಅಂದವರಿಗೂ ಹಿಂದಿನ ದಿನ ಬೇಡ ಅಂದವರಿಗೂ ಪೂರ್ತಿ ದುಡ್ಡು ಅಂದ್ರೆ ಕೋರ್ಟಲ್ಲಿ ದಂಡ ಅನ್ನಿಸಿಕೊಂಡು ಬಿದ್ದು ಹೋಗಬಹುದು. ಇಂಗ್ಲೆಂಡಿನಲ್ಲಿ 1914ರ ಡನ್ಲಪ್ ಕೇಸಲ್ಲೂ ಈ ಚರ್ಚೆ ನಡೆದಿತ್ತು, ಟಯರ್ ಮಾರಾಟದ ಜಗಳ ಅದು, 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಿಯಮ ಸ್ವಲ್ಪ ಸಡಿಲ ಮಾಡಿದೆ, ಆದ್ರೂ ಅತಿಯಾದ್ರೆ ನಿಲ್ಲಲ್ಲ. ಹತ್ತಿರ ಬಂದಂಗೆಲ್ಲಾ ಜಾಸ್ತಿ ಆಗೋ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಡಿ.

ಕೊನೇದು ಫೋರ್ಸ್ ಮೆಜ್ಯೂರ್, ಅಂದ್ರೆ ಪ್ರವಾಹ, ಲಾಕ್‌ಡೌನ್, ಯಾರ ಕೈಲೂ ಇಲ್ಲದ್ದು. ಫ್ರಾನ್ಸ್ ಥರ ಕಡೆ ಇದು ಸಿವಿಲ್ ಕೋಡಲ್ಲೇ ಇದೆ, ಇಂಗ್ಲಿಷ್ ಕಾನೂನಲ್ಲಿ ಅಗ್ರಿಮೆಂಟಲ್ಲಿ ಬರೆದಿದ್ರೆ ಮಾತ್ರ ಆ ಹೆಸರಿನ ರಕ್ಷಣೆ. ಬರೆಯುವಾಗ ದುಡ್ಡಿನ ಗತಿ ಏನು ಅಂತಾನೂ ಬರೀರಿ, ಬಹಳ ಜನ ಅಲ್ಲೇ ಬಿಡ್ತಾರೆ. ಮುಂದಕ್ಕೆ ಹಾಕಿದ್ರೆ ಎಷ್ಟು ತಿಂಗಳೊಳಗೆ, ಹೊಸ ತಾರೀಖಿಗೆ ನೀವು ಖಾಲಿ ಇಲ್ಲದಿದ್ರೆ ಏನು, ಅವತ್ತಿನ ಹೂವಿನ ರೇಟ್ ಹಾಕ್ತೀರಾ ಹಳೇದಾ. ನಿಮಗೇ ಹುಷಾರಿಲ್ಲದಿದ್ರೆ ಯಾರು ಮಾಡಿಕೊಡ್ತಾರೆ ಅನ್ನೋದೂ ಇರಲಿ, ನಿಮ್ಮ ಕಡೆ ಮಾತ್ರ ವಾಲಿರೋ ಕಾಗದಕ್ಕೆ ಮರ್ಯಾದೆ ಕಮ್ಮಿ. ಸೈನ್ ಮಾಡೋರು ದುಡ್ಡು ಕೊಡೋರೇ ಆಗಿರಲಿ, ಹುಡುಗಿ ಸೈನ್ ಮಾಡಿ ಅಪ್ಪ ದುಡ್ಡು ಕೊಡೋದಾದ್ರೆ ಇಬ್ಬರದ್ದೂ ಹಾಕಿಸಿ.

ಮದುವಣಗಿತ್ತಿ_ಮಾಜಿ:
ನಾನು ಕ್ಲೈಂಟ್ ಸೈಡ್. ಮುಖ ಸಪ್ಪಗಾಗುತ್ತೆ ಅಂತ ಹೆದರ್ತಿದೀರಲ್ಲ, ನನಗೆ ಉಲ್ಟಾ ಆಯ್ತು, ಮೊದಲು ಮಾತಾಡಿದ್ದ ಹೂವಿನವರು ಕಾಗದ ಕೊಡ್ಲಿಲ್ಲ, ಮದುವೆಗೆ ಮೂರು ವಾರ ಇದ್ದಾಗ "ಆ ದಿನ ಬೇರೆ ಕಡೆ ಒಪ್ಪಿಕೊಂಡಿದೀನಿ, ನಿಮ್ಮದು ಪಕ್ಕಾ ಆಗಿರ್ಲಿಲ್ಲ ಅಲ್ವಾ" ಅಂದ್ರು. ನಾವು ಅಡ್ವಾನ್ಸ್ ಕೊಟ್ಟಿದ್ವಿ! ಆಮೇಲೆ ಸಿಕ್ಕಿದವರು ಮೊದಲ ದಿನಾನೇ ಅಗ್ರಿಮೆಂಟ್ ಕಳಿಸಿದ್ರು, ನೋಡಿ ಅರ್ಧ ಟೆನ್ಷನ್ ಇಳೀತು. ಓದೋವಾಗ ಅಮ್ಮನಿಗೂ ಏನೇನು ಬರುತ್ತೆ ಏನೇನು ಬರಲ್ಲ ಅಂತ ಗೊತ್ತಾಯ್ತು, ಬಾಗಿಲಿಗೂ ಹೂ ಇದೆ ಅಂತ ಅವರು ಸುಮ್ನೆ ಅಂದ್ಕೊಂಡಿದ್ರು.

ಏಣಿ_ಮತ್ತು_ಟೇಪು:
ಸೆಟಪ್ ಕಡೆಯವನು ನಾನು, ಯಾರೂ ಹೇಳದ ಒಂದೆರಡು. ಹಾಲ್ ಬಾಗಿಲು ಎಷ್ಟು ಗಂಟೆಗೆ ಬಿಡ್ತಾರೆ ಅನ್ನೋದು ಬರೀರಿ. ನಾಲ್ಕು ಗಂಟೆ ಕೆಲಸಕ್ಕೆ ಒಂದೂವರೆ ಗಂಟೆ ಮಾತ್ರ ಸಿಕ್ಕಿ ಬೈಸಿಕೊಂಡಿದೀನಿ, ಲೇಟಾಗಿ ಬಿಟ್ರೆ ಅದು ನಮ್ಮ ತಪ್ಪಲ್ಲ ಅಂತ ಒಂದು ಸಾಲು ಇರಲಿ. ಮದುವೆ ಸ್ಟೇಜಿನ ಹೂ ರಿಸೆಪ್ಷನ್‌ಗೆ ಶಿಫ್ಟ್ ಮಾಡಿ ಅಂತ ಕೊನೇ ಗಳಿಗೆಯಲ್ಲಿ ಹೇಳ್ತಾರೆ, ಹುಡುಗರು ಹೊರಟಿರ್ತಾರೆ, ಅದು ಬೇಕಿದ್ರೆ ಬೇರೆ ಚಾರ್ಜ್. ರಾತ್ರಿ ಬಿಚ್ಚೋಕೆ ಯಾರು ಬರ್ತಾರೆ, ಅದೂ. ಉರಿಯೋ ಕ್ಯಾಂಡಲ್ ಇಡೋಕೆ, ಗೋಡೆಗೆ ಮೊಳೆ ಹೊಡೆಯೋಕೆ ಹಾಲಿನವರು ಬಿಡ್ತಾರಾ ಅನ್ನೋದನ್ನ ಕೇಳಿ ತಿಳ್ಕೊಳ್ಳೋದು ಯಾರ ಕೆಲಸ ಅಂತ ಬರೆಯದೆ ಸ್ಟೇಜ್ ಅರ್ಧ ಬಿಚ್ಚಿದ್ದೂ ಉಂಟು.

ಹೊರಗಡೆ ಮದುವೆ ಆದ್ರೆ ಬಿಸಿಲು ಗಾಳಿ ಬಗ್ಗೆ ಬರೀಲೇಬೇಕು. ಹೈಡ್ರೇಂಜಿಯಾ ನೀರಿಲ್ದೆ ಬಿಸಿಲಲ್ಲಿ ಒಂದು ಗಂಟೆ ನಿಂತ್ರೆ ತಲೆ ಬಾಗಿಸಿಬಿಡುತ್ತೆ. ಕೊಟ್ಟ ಮೇಲೆ ಅವರು ಹೇಗೆ ಇಟ್ಕೊತಾರೆ ಅನ್ನೋದೂ ಅಷ್ಟೇ, ಆರ್ಕಿಡ್ ಇರೋ ಬೊಕೆನ ಜೋರು ಕೂಲಿಂಗ್ ಫ್ರಿಜ್ಜಲ್ಲಿಟ್ಟು ಹಾಳು ಮಾಡಿ ನಮಗೆ ಬೈದವರಿದಾರೆ, ಕಾರ್ನೇಷನ್‌ನ ಹಣ್ಣಿನ ಜೊತೆ ಇಟ್ರೆ ಹಣ್ಣು ಬಿಡೋ ಎಥಿಲೀನ್ ಗ್ಯಾಸಿಗೇ ಬಾಡುತ್ತೆ. ಕೈಗೆ ಕೊಡುವಾಗ ಒಂದು ಫೋಟೋ ತೆಗೀರಿ, ಯಾರು ತಗೊಂಡ್ರು ಟೈಮ್ ಎಷ್ಟು ಅಂತ, ಅಲ್ಲಿಂದಾಚೆ ಜವಾಬ್ದಾರಿ ಅವರದ್ದು. ಲಿಲ್ಲಿ ಹಾಕಿದ್ರೆ ಪುಡಿ ಇರೋ ಕೇಸರ ಕಿತ್ತುಬಿಡಿ, ಬಿಳೀ ಬಟ್ಟೆಗೆ ತಾಗಿದ್ರೆ ಯಾವ ಅಗ್ರಿಮೆಂಟೂ ಕಾಪಾಡಲ್ಲ 😂

ಹೂಬುಟ್ಟಿ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ರಾತ್ರಿ ಕೂತು ಒಂದು ಡ್ರಾಫ್ಟ್ ಬರೆದೆ. ಹೂದಾನಿ ಸಾಲು ಹೀಗಿದೆ, ನೋಡಿ ಹೇಳಿ: "ಹೂದಾನಿ, ಸ್ಟ್ಯಾಂಡ್ ಎಲ್ಲಾ ಬಾಡಿಗೆಗೆ ಕೊಟ್ಟಿದ್ದು, ಕಳೆದ್ರೆ ಒಡೆದ್ರೆ ಗ್ರಾಹಕರು ಬೆಲೆ ಕೊಡಬೇಕು."

ಹಳೇಕತ್ರಿ:
ಯಾವ ಬೆಲೆ? ನೀವು ಒಂದು ಹೇಳ್ತೀರಿ, ಅವರು ಆನ್‌ಲೈನಲ್ಲಿ ಇದರ ಅರ್ಧಕ್ಕೆ ಸಿಗುತ್ತೆ ಅಂತಾರೆ. ಒಂದೊಂದರ ಎದುರಿಗೂ ಎಷ್ಟು ಪೀಸ್, ಒಂದಕ್ಕೆ ಎಷ್ಟು ಅಂತ ಪಟ್ಟಿಯಲ್ಲೇ ಹಾಕಿ, ಮುಂಚೆನೇ ಒಂದು ಮೊತ್ತ ತಗೊಂಡಿಟ್ಕೊಳ್ಳಿ, ಎಣಿಸಿ ಸರಿ ಇದ್ರೆ ಇಷ್ಟು ದಿನದೊಳಗೆ ವಾಪಸ್ ಅಂತ ಬರೀರಿ. ಈ ಡೆಪಾಸಿಟ್ ಮಾತ್ರ ನಿಜವಾಗ್ಲೂ ಡೆಪಾಸಿಟ್, ಕಪ್ಪುಕೋಟು ಸರ್ ಬಯ್ಯಲ್ಲ. ಮತ್ತೆ ಗೆಸ್ಟ್‌ಗಳಿಗೆ ಹೂ ಕೊಟ್ಟು ಕಳಿಸೋ ಆಸೆ ಇದ್ರೆ ಮೊದಲೇ ಹೇಳ್ಲಿ, ಬಿಸಾಡೋ ಪ್ಲಾಸ್ಟಿಕ್ ಲೋಟದಲ್ಲಿ ಹೂ ಇಟ್ಟು ಅದನ್ನ ಹೂದಾನಿ ಒಳಗೆ ಕೂರಿಸಿದ್ರೆ ಲೋಟ ಸಮೇತ ಎತ್ತಿಕೊಡಬಹುದು, ಗಾಜು ಅಲ್ಲೇ ಉಳಿಯುತ್ತೆ.

ಹೂಬುಟ್ಟಿ:
ಅಯ್ಯೋ ಈ ಲೋಟದ ಐಡಿಯಾ ಹೋದ ತಿಂಗಳು ಯಾರೂ ಹೇಳ್ಲಿಲ್ವಲ್ಲ ಅಕ್ಕ! ಹಾಕ್ತೀನಿ. ಫೋಟೋ ವಿಷಯ ಒಂದು ಉಳೀತು, ನಾನು ಮಾಡಿದ ಅಲಂಕಾರದ ಫೋಟೋ ನನ್ನ ಪೇಜಲ್ಲಿ ಹಾಕೋಕೆ ಅವರ ಪರ್ಮಿಷನ್ ಬೇಕಾ?

ಕಪ್ಪುಕೋಟು:
ಜನ ಕಾಣಿಸ್ತಿದ್ರೆ ಕೇಳಿ. ಫೋಟೋಗ್ರಾಫರ್ ತೆಗೆದಿದ್ರೆ ಅವರನ್ನೂ ಕೇಳಿ, ಕಾಪಿರೈಟ್ ಅವರದ್ದೇ ಇರಬಹುದು. ಅಗ್ರಿಮೆಂಟಲ್ಲಿ ಹೌದು, ಇಲ್ಲ ಅಂತ ಎರಡು ಬಾಕ್ಸ್ ಇಡಿ, ಟಿಕ್ ಮಾಡ್ತಾರೆ.

ಒಂಬತ್ತ್‌ವರ್ಷ:
ಹೂಬುಟ್ಟಿ ಮೇಡಂ, ಆ ಡ್ರಾಫ್ಟ್ ಪೂರ್ತಿ ಆದ್ಮೇಲೆ ಇಲ್ಲಿ ಒಂದು ಕಾಪಿ ಹಾಕ್ತೀರಾ. ಸುಮ್ನೆ ನೋಡೋಕೆ.